ತಪಾಸಣೆಯಕ್ಕನ ಇಪ್ಪತ್ತನಾಲ್ಕು ಮೊಟ್ಟೆ

ಬಟ್ಟೆ ಕಾರ್ಖಾನೆಯ ಗೇಟಿನಲ್ಲಿ ನಿಂತು, ಮನೆಗೆ ಹೊರಡುವ ಹೆಂಗಸರ ಚೀಲ ತಡಕುವುದೇ ಇಪ್ಪತ್ತೆರಡು ವರ್ಷ ಅವಳ ಕೆಲಸವಾಗಿತ್ತು. ಊಟದ ಡಬ್ಬಿಯ ತಳದಲ್ಲಿ ದಾರದುಂಡೆ, ತುರುಬಿನೊಳಗೆ ಗುಂಡಿಗಳ ಪೊಟ್ಟಣ, ಏನೂ ಅವಳ ಕಣ್ಣು ತಪ್ಪಿಸಿ ಹೋದದ್ದಿಲ್ಲ. ಬೀದಿಯವರೆಲ್ಲ ಅವಳನ್ನು ತಪಾಸಣೆಯಕ್ಕ ಅಂತಲೇ ಕರೆಯುತ್ತಿದ್ದರು. ನಿವೃತ್ತಿಯಾದ ಮೇಲೆ ತಡಕಲು ಚೀಲಗಳಿರಲಿಲ್ಲ. ಅನುಮಾನ ಮಾತ್ರ ಪಿಂಚಣಿಯ ಹಾಗೆ ತಪ್ಪದೆ ಬರುತ್ತಿತ್ತು.

ಹಿತ್ತಲಲ್ಲಿ ಕೋಳಿ ಸಾಕಬೇಕು ಅಂತ ಅವಳಿಗೆ ಆಸೆ ಹುಟ್ಟಿತು. ಪೇಟೆಯ ಮರಿ ಬೇಡವೇ ಬೇಡ. "ರೋಗದ ಮರೀನ ಬೆಚ್ಚಗೆ ಇಟ್ಟು, ಚೂಟಿಯಾಗಿದೆ ಅಂತ ಕಟ್ತಾರೆ. ಮೊಟ್ಟೆಯಿಂದ ನಾನೇ ಮಾಡ್ತೀನಿ" ಅಂದಳು. ಫ್ಯಾನು ರಿಪೇರಿ ಮಾಡುವ ಗಂಡ ನಕ್ಕ. "ಕಾವು ಕೂರೋದೂ ನೀನೇನಾ?"

ಕಾವು ಕೊಡುವ ಯಂತ್ರ ಕೊಳ್ಳಲು ಇಬ್ಬರೂ ಹೋದರು. ಅಂಗಡಿಯಲ್ಲಿ ಮೂರು ಬಗೆ ಇತ್ತು. ಥರ್ಮಾಕೋಲಿನ ಪೆಟ್ಟಿಗೆ, ಒಳಗೊಂದು ಬಲ್ಬು. ಇದಕ್ಕೆ ಮೊಟ್ಟೆಗಳನ್ನು ಕೈಯಲ್ಲೇ ಹೊರಳಿಸಬೇಕು. ಎರಡನೆಯದು ಪ್ಲಾಸ್ಟಿಕ್ಕಿನದು, ಒಳಗೆ ಪುಟ್ಟ ಫ್ಯಾನು, ಮೊಟ್ಟೆಗಳನ್ನು ತಾನೇ ಹೊರಳಿಸುವ ತಟ್ಟೆ. ಮೂರನೆಯದು ಬೀರುವಿನಷ್ಟು ದೊಡ್ಡದು. ಫ್ಯಾನಿದ್ದರೆ ಬಿಸಿ ಎಲ್ಲ ಮೂಲೆಗೂ ಸಮನಾಗಿ ಹರಡುತ್ತದೆ ಅಂತ ಗಂಡ ಹೇಳಿದ. ಹಾಗಾಗಿ ನಡುವಿನದಕ್ಕೆ ಕೈ ಹಾಕಿದಳು.

"ಚಾಲೂ ಮಾಡಿ" ಅಂದಳು.

"ಮನೇಲಿ ಮಾಡ್ಕೊಳ್ಳಿ ಅಮ್ಮ, ಫ್ಯಾಕ್ಟರಿಯವರೇ ಸರಿಪಡಿಸಿ ಕಳಿಸಿರ್ತಾರೆ" ಅಂದ ಅಂಗಡಿಯವನು.

"ಆ ಫ್ಯಾಕ್ಟರಿಯವರನ್ನ ನೀವು ನೋಡಿದೀರಾ?"

ಒಂದು ಗಂಟೆ ಸ್ಟೂಲಿನ ಮೇಲೆ ಅಲ್ಲಾಡದೆ ಕೂತಳು. ಯಂತ್ರದ ಮೇಲಿನ ಅಂಕಿ, ಕಾವಿಗೆ ಬೇಕಾದ ಮೂವತ್ತೇಳೂವರೆ ಡಿಗ್ರಿಯನ್ನೇ ತೋರಿಸಿತು. ಅವಳು ಚೀಲದಿಂದ ಜ್ವರ ನೋಡುವ ಕಡ್ಡಿಗಳನ್ನು ತೆಗೆದಳು. ಒಂದು ತನ್ನದು, ಎರಡು ನೆರೆಮನೆಯವರದು. ಮೂರನ್ನೂ ಒಳಗಿಟ್ಟಳು. ಮೂರೂ ಮೂವತ್ತೊಂಬತ್ತರ ಹತ್ತಿರ ಹೋಗಿ ನಿಂತವು.

"ನಿಮ್ಮ ಪೆಟ್ಟಿಗೆಗೆ ಜ್ವರ ಬಂದಿದೆ" ಅಂದಳು. ಅಂಗಡಿಯವನು ಮೊದಲು ಗೊಣಗಿದ, ಆಮೇಲೆ ತೆಪ್ಪಗೆ ಬೇರೆ ಪೆಟ್ಟಿಗೆ ತಂದ. ಅದು ಸರಿಯಿತ್ತು. ದಾರಿಯುದ್ದಕ್ಕೂ ಅವಳು ಗಂಡನಿಗೆ ಇದನ್ನೇ ಹೇಳುತ್ತ ಬಂದಳು. ತನ್ನ ಅನುಮಾನ ಯಾವತ್ತೂ ಸುಳ್ಳಾಗುವುದಿಲ್ಲ ಅನ್ನುವ ಸೊಕ್ಕು ಅವತ್ತು ತಲೆಗೇರಿತು.

ಮೊಟ್ಟೆ ಕೊಡಬೇಕಾದವಳು ವಾರಗಿತ್ತಿ, ಮೈದುನನ ಹೆಂಡತಿ. ಊರಂಚಿನಲ್ಲಿದ್ದ ಅವಳ ಮನೆಯಲ್ಲಿ ಒಳ್ಳೆಯ ಕೋಳಿಗಳಿದ್ದವು. "ಇಪ್ಪತ್ತನಾಲ್ಕು ಮೊಟ್ಟೆ ಬೇಕು" ಅಂತಷ್ಟೇ ಹೇಳಿ ಕಳಿಸಿದಳು. ಯಾಕೆ ಅಂತ ಹೇಳಲಿಲ್ಲ. ಹೇಳಿದರೆ ನಾಳೆ ಅವಳೂ ಒಂದು ಯಂತ್ರ ತಂದಾಳು, ಬೀದಿಬೀದಿಗೆ ಮರಿ ಹಂಚಿ ಹೆಸರು ಮಾಡಿಯಾಳು.

ಮೊಟ್ಟೆ ಬರಲು ಎರಡು ವಾರ ಹಿಡಿಯಿತು. ಬಂದಾಗ ಚಿಪ್ಪಿನ ಮೇಲೆಲ್ಲ ನೀರಿನ ಹನಿ. "ಯಾಕೆ ತೊಳೆದಿದಾಳೆ? ಏನೋ ಮುಚ್ಚಿಡ್ತಿದಾಳೆ" ಅಂದಳು. ಆದರೂ ಒಂದೊಂದರ ಮೇಲೂ ಪೆನ್ಸಿಲ್ಲಿನಲ್ಲಿ ಸಂಖ್ಯೆ ಬರೆದು ಒಳಗಿಟ್ಟಳು. ತೇವ ಆರದ ಹಾಗೆ ಯಂತ್ರದೊಳಗಿನ ಪುಟ್ಟ ತೊಟ್ಟಿಗೆ ನೀರು ಹಾಕಿದಳು. ಗಂಡ ಪೆಟ್ಟಿಗೆಯ ಹತ್ತಿರ ಸುಳಿದರೂ "ಮುಚ್ಚಳ ಮುಟ್ಟಿದ್ರಾ?" ಅಂತ ಕೇಳುತ್ತಿದ್ದಳು.

ಏಳನೆಯ ದಿನ ಉಗ್ರಾಣದ ಬಾಗಿಲು ಹಾಕಿಕೊಂಡು, ಒಂದೊಂದೇ ಮೊಟ್ಟೆಯನ್ನು ಟಾರ್ಚಿಗೆ ಹಿಡಿದಳು. ಜೀವ ಕಟ್ಟಿದ್ದರೆ ಒಳಗೆ ಜೇಡರ ಬಲೆಯಂತೆ ಕೆಂಪು ನರ ಕಾಣಬೇಕು. ನಾಲ್ಕರಲ್ಲಿ ಕಂಡಿತು. ಉಳಿದ ಇಪ್ಪತ್ತೂ ಖಾಲಿ ದೀಪದ ಬುರುಡೆಯಂತೆ ಹೊಳೆದವು.

"ಅಂಗಡಿ ಮೊಟ್ಟೆ ಬೆರೆಸಿದಾಳೆ! ಹುಂಜ ಕೂಡದ ಮೊಟ್ಟೆ ಮರಿಯಾಗುತ್ತಾ?"

"ಯಂತ್ರದ್ದೇ ಇರಬಹುದು ಕಣೇ" ಅಂದ ಗಂಡ.

"ಯಂತ್ರ ನಾನು ನೋಡಿ ತಂದದ್ದು."

ಇಪ್ಪತ್ತೂ ಮೊಟ್ಟೆ ಚೀಲಕ್ಕೆ ಹಾಕಿಕೊಂಡು, ಸುಳಿವೂ ಕೊಡದೆ ವಾರಗಿತ್ತಿಯ ಮನೆಗೆ ಹೋದಳು. ಅಂಗಳದಲ್ಲಿ ಹುಂಜ ಎದೆಯುಬ್ಬಿಸಿ ಓಡಾಡುತ್ತಿತ್ತು. ಆದರೂ ಚೀಲವನ್ನು ಅಡುಗೆಮನೆಯ ಮೇಜಿನ ಮೇಲಿಟ್ಟು, "ಇದರಲ್ಲಿ ನಿನ್ನ ಕೋಳಿಯದು ಎಷ್ಟು, ಅಂಗಡಿಯದು ಎಷ್ಟು? ಹೇಳು" ಅಂದಳು.

ವಾರಗಿತ್ತಿ ಮೊದಲು ಚೀಲ ನೋಡಿದಳು, ಆಮೇಲೆ ಅವಳ ಮುಖ. ಫ್ರಿಜ್ಜಿನ ಬಾಗಿಲು ತೆಗೆದಳು. ಬಾಗಿಲಿನ ಗೂಡುಗಳ ತುಂಬ ಮೊಟ್ಟೆ.

"ಅಕ್ಕ ಕೇಳಿದಾಳೆ ಅಂತ ಎರಡು ವಾರ ಒಂದೂ ಮಾರಲಿಲ್ಲ. ಮಕ್ಕಳಿಗೂ ಕೊಡಲಿಲ್ಲ. ಕೆಡಬಾರದು ಅಂತ ಇಲ್ಲಿಟ್ಟೆ. ಕೋಳಿಗಳು ಕೊನೇ ದಿನ ಇಟ್ಟ ನಾಲ್ಕು ಮಾತ್ರ ಬುಟ್ಟಿಯಿಂದ ಹಾಗೇ ಹಾಕಿದೆ. ತಿನ್ನೋಕಲ್ವಾ ನೀನು ಕೇಳಿದ್ದು?"

ಫ್ರಿಜ್ಜಿನ ಚಳಿಗೆ ಮೊಟ್ಟೆಯ ಜೀವ ಉಳಿಯುವುದಿಲ್ಲ ಅಂತ ಯಂತ್ರದ ಜೊತೆ ಬಂದ ಪುಸ್ತಕದಲ್ಲಿ ತಪಾಸಣೆಯಕ್ಕ ಎರಡೆರಡು ಸಲ ಓದಿದ್ದಳು.

"ಮರಿ ಮಾಡ್ಸೋಕೆ" ಅಂದಳು, ಸಣ್ಣ ದನಿಯಲ್ಲಿ.

"ಹಾಗಂತ ಒಂದು ಮಾತು ಹೇಳೋಕೇನಾಗಿತ್ತು?"

ಅದಕ್ಕೆ ಉತ್ತರವಿತ್ತು, ಆದರೆ ಬಾಯಿಬಿಟ್ಟು ಹೇಳುವಂಥದ್ದಲ್ಲ. ವಾರಗಿತ್ತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಒಳಗೆ ಹೋದಳು, ಮತ್ತೆ ಹೊರಗೆ ಬರಲಿಲ್ಲ.

ಹದಿಮೂರು ದಿನ ಆ ಮನೆಯಿಂದ ಫೋನಿಲ್ಲ. ಇಪ್ಪತ್ತನೆಯ ದಿನ ಬೆಳಿಗ್ಗೆ ಪೆಟ್ಟಿಗೆಯೊಳಗಿಂದ ಸಣ್ಣ ಚಿಯ್‌ಗುಟ್ಟುವಿಕೆ ಕೇಳಿತು. ತಪಾಸಣೆಯಕ್ಕ ಫೋನು ಕೈಗೆತ್ತಿಕೊಂಡಳು, ಕೆಳಗಿಟ್ಟಳು, ಮತ್ತೆ ಎತ್ತಿಕೊಂಡಳು.

"ನಿನ್ನ ಮೊಟ್ಟೆ ಒಳಗಿಂದ ಕೂಗ್ತಿವೆ. ಅವತ್ತು ನಾನು ಅಂದಿದ್ದು ತಪ್ಪು. ಬರ್ತೀಯಾ?"

ಮರುದಿನ ವಾರಗಿತ್ತಿ ಬಂದಳು, ಮುಖ ಗಂಟಿಕ್ಕಿಕೊಂಡೇ. ಮೂರು ಮರಿ ಚಿಪ್ಪೊಡೆದು ಹೊರಬಂದವು. ನಾಲ್ಕನೆಯದು ಒಳಗೇ ಸತ್ತಿತ್ತು. ಒದ್ದೆ ಮರಿಗಳು ಒಣಗಿ ಹತ್ತಿಯುಂಡೆಯಾಗುವ ಹೊತ್ತಿಗೆ ಅವಳ ಗಂಟೂ ಸಡಿಲಿತು.

"ಇದನ್ನ ಯಾವ ಅಂಗಡೀಲಿ ತಂದೆ, ಅಕ್ಕ?" ಅಂತ ಕೇಳಿದಳು.

ಇವಳೂ ಯಂತ್ರ ತರುತ್ತಾಳೆ ಅಂದುಕೊಂಡಳು ತಪಾಸಣೆಯಕ್ಕ. ಅನುಮಾನ ಪಟ್ಟ ಹಾಗೇ ಆಯಿತಲ್ಲ! ಆದರೂ ಅಂಗಡಿಯ ಗುರುತು ಹೇಳಿದಳು. "ಇನ್ನೊಂದು ಯಾಕೆ? ಇದರಲ್ಲೇ ಇಬ್ಬರೂ ಇಡೋಣ" ಅಂತಲೂ ಸೇರಿಸಿದಳು.

ಎರಡನೆಯ ಸಲ ಇಪ್ಪತ್ತೆರಡು ಇಟ್ಟರು, ಹದಿನೇಳು ಒಡೆದವು. ಎಂಟೆಂಟು ಪಾಲಾಯಿತು. ಉಳಿದ ಒಂದು ಯಾರದು ಅಂತ ಅರ್ಧ ಗಂಟೆ ಮಾತಾಯಿತು. ಕೊನೆಗೆ ಅದನ್ನು ವಾರಗಿತ್ತಿಯೇ ಒಯ್ದಳು.