ಕಲ್ಲುಮಾಮನ ಬಿಳಿಚುಕ್ಕೆ

ಕಾರ್ಖಾನೆಯ ಇಂಗಾಲದ ಡೈಆಕ್ಸೈಡನ್ನು ನೀರಿಗೆ ಬೆರೆಸಿ ಪಾತಾಳಕ್ಕಿಳಿಸುವ ಕೊಳವೆಬಾವಿಯ ಉಸ್ತುವಾರಿ ಕಲ್ಲುಮಾಮನದು. ಆ ನೀರಿಗೆ ಕೆಳಗಿನ ಕಪ್ಪುಬಂಡೆ ಕರಗಿ, ಅನಿಲವನ್ನು ಸೇರಿಸಿಕೊಂಡು ಬಿಳಿಕಲ್ಲಾಗುವುದನ್ನು ಅವನು ಸ್ವಂತ ಮಗಳು ರ‍್ಯಾಂಕ್ ಬಂದಷ್ಟು ಹೆಮ್ಮೆಯಿಂದ ಹೇಳುತ್ತಾನೆ. ಯಾರೇ ಬರಲಿ, ಕೂರಿ ಎನ್ನುವ ಮೊದಲೇ ಆಳದಿಂದ ಕೊರೆದು ತೆಗೆದ ಕಲ್ಲನ್ನು ಕೈಗಿಡುತ್ತಾನೆ: "ಬಿಳಿಚುಕ್ಕೆ ನೋಡಿದ್ರಾ? ಎರಡು ವರ್ಷದ ಹಿಂದೆ ಇದು ಹೊಗೇಲಿತ್ತು." ಮದುವೆ ಮಾತಿಗೆ ಬಂದ ಬೀಗರೂ ಮೊದಲು ಚುಕ್ಕೆ ನೋಡಿಯೇ ಕಾಫಿ ಕುಡಿಯಬೇಕಾಯಿತು. ಆದರೆ ಪರೀಕ್ಷೆಗೆಂದು ಇಂಜಿನಿಯರಮ್ಮ ಚುಕ್ಕೆಗೆ ಹನಿ ಆಸಿಡ್ ಬಿಟ್ಟು ಅನಿಲದ ಗುಳ್ಳೆ ಏಳಿಸಿದರೆ ಮಾತ್ರ ಮುಖ ಗಂಟಿಕ್ಕುತ್ತಾನೆ. "ಒಂದೇ ಹನಿ ಅಲ್ವಾ ಮಾಮ, ಎಷ್ಟು ಮಹಾ ಹೊರಗೆ ಹೋಗುತ್ತೆ?" ಎಂದರೆ, ಮೂವತ್ತು ವರ್ಷ ಬಾಯ್ಲರಿಗೆ ಕಲ್ಲಿದ್ದಲು ತುಂಬಿದ ಅದೇ ಕೈಯಿಂದ ಚುಕ್ಕೆಯನ್ನು ಒರೆಸುತ್ತಾ ಹೇಳುತ್ತಾನೆ: "ನಾನು ಬಿಟ್ಟಿದ್ದೇ ಸಾಕಮ್ಮ."