ತಂಗಿಯ ತೂಕ

ನನ್ನ ತಂಗಿ ಜಾನಕಿ ‘ಸಾಕು’ ಎಂದಾಗ ನಾನು ಒಮ್ಮೆಯೂ ಸೌಟು ತಡೆಯಲಿಲ್ಲ. ಏಳನೆಯ ತರಗತಿಗೇ ಶಾಲೆ ಬಿಟ್ಟ ನನಗೆ ಚಂದದ ಮಾತು ಬಾರದು. ಬಿಸಿ ಕಡುಬಿನ ಮೇಲೆ ಹಂದಿಸಾರನ್ನು ಕೊಬ್ಬಿನ ತುಂಡುಗಳ ಸಮೇತ ಸುರಿದುಬಿಟ್ಟರೆ ಪ್ರೀತಿ ತಲುಪಿತೆಂದೇ ತಿಳಿದಿದ್ದೆ. ಆ ಸೌಟಿನಲ್ಲಿ ಪ್ರೀತಿ ಅರ್ಧ, ಹೆದರಿಕೆ ಅರ್ಧ ಇತ್ತು.

ಎಚ್‌ಐವಿ ಇದೆಯೆಂದು ತಿಳಿದಾಗ ಅವಳು ಕೊರಳೆಲುಬು ಎದ್ದು ಕಾಣುವಷ್ಟು ಸೊರಗಿದ್ದಳು. ಪಾಲಿಬೆಟ್ಟದ ಕಾಫಿ ಎಸ್ಟೇಟಿನ ಲೈನಿನಲ್ಲಿ, ಕೂಲಿಯವರ ಸಾಲುಮನೆಗಳಲ್ಲಿ, ನಮ್ಮ ಮನೆ. ಗೋಡೆಯ ಆಚೆಗೇ ಇನ್ನೊಬ್ಬರ ಕಿವಿ. ಮಾತ್ರೆ ಶುರುವಾಗಿ ಕೆನ್ನೆ ತುಂಬುತ್ತ ಬಂದಂತೆ ಅಕ್ಕಪಕ್ಕದ ಪಿಸುಮಾತು ಅಡಗಿತು. ಸಂಜೆ ಲೆಕ್ಕ ಬರೆಯುವ ರೈಟರು ತೂಗುವಾಗ ನಾವು ಕೊಯ್ದ ಕಾಫಿಹಣ್ಣಿನ ಚೀಲ ಭಾರ ಬಂದರೆ ಹಿಗ್ಗುವವರು ನಾವು. ತಂಗಿಯನ್ನೂ ನಾನು ಅದೇ ಕಣ್ಣಿನಿಂದ ನೋಡಿದೆ.

ಆದರೆ ಅವಳ ಮೈ ಬೆಳೆಯುತ್ತಲೇ ಹೋಯಿತು. ಮಂಡಿನೋವು, ಇಳಿಜಾರಿನಲ್ಲಿ ಹಣ್ಣು ಕೊಯ್ಯುವಾಗ ಏದುಸಿರು.

“ಎಂತ ಜಾನಕಿ, ನೀನು ಗಿಡ ಹಿಡ್ಕೊಂಡದ್ದಾ, ಗಿಡ ನಿನ್ನನ್ನಾ?” ಎಂದು ಪಕ್ಕದ ಮನೆಯ ಪಾತುಮ್ಮ ಚುಡಾಯಿಸುವಳು.

“ಗಿಡ ಬಿಟ್ರೆ ನಾನು ಸೀದಾ ಕೆಳಗಿನ ತೋಡಿನ ನೀರಿಗೆ, ಮಾರಾಯ್ತಿ!” ಎಂದು ಜಾನಕಿ ನಗುವಳು. ಆ ನಗುವಿನ ನಡುವೆ ಅವಳು ಉಸಿರಿಗೆ ತಡಕಾಡುತ್ತಿದ್ದುದನ್ನು ನಾನು ಕಂಡೂ ಕಾಣದಂತಿದ್ದೆ.

ಆಸ್ಪತ್ರೆಯ ನರ್ಸಮ್ಮ ಇಬ್ಬರನ್ನೂ ಕೂರಿಸಿ ಹೇಳಿದ್ದರು: “ಈ ಮಾತ್ರೆಯಲ್ಲಿ ಕೆಲವರಿಗೆ ತೂಕ ಏರ್ತದೆ. ಮಾತ್ರೆ ಮಾತ್ರ ಬಿಡ್ಬೇಡಿ. ಅನ್ನ, ಕೊಬ್ಬು ಕಮ್ಮಿ ಮಾಡಿ, ದಿನಾ ನಡೀರಿ.” ಜಾನಕಿ ಒಪ್ಪಿದಳು. ನಾನು, “ಸಣ್ಣ ಆದ್ರೆ ಲೈನಲ್ಲಿ ಪುನಃ ಮಾತು ಶುರು” ಎಂದು ಅವಳ ತಟ್ಟೆ ತುಂಬಿಸಿದೆ.

ನೋಡಿ, ಸೊರಗಿದ ಮೈಯನ್ನು ಊರೆಲ್ಲ ನಿಲ್ಲಿಸಿ ವಿಚಾರಿಸುತ್ತದೆ. ತುಂಬಿದ ಮೈಯನ್ನು ‘ಹೇಗಿದ್ದೀ’ ಎಂದು ಯಾರೂ ಕೇಳುವುದಿಲ್ಲ. ಒಡಹುಟ್ಟಿದ ನಾನೂ ಕೇಳಲಿಲ್ಲ.

ಹೋದ ತಿಂಗಳು ಆಸ್ಪತ್ರೆಯಲ್ಲಿ ಅವಳಿಗೆ ಸಕ್ಕರೆ ಕಾಯಿಲೆಯೂ ಬಂದಿದೆ ಎಂದರು. ಬಸ್ ಸ್ಟ್ಯಾಂಡಿನ ಕಟ್ಟೆಯಲ್ಲಿ ಕುಳಿತು ನಾನು ಅಳತೊಡಗಿದೆ. ಜಾನಕಿ ಸಿಟ್ಟಾಗಲಿಲ್ಲ. “ನನ್ನ ಕಾಯಿಲೆಗೆ ಮಾತ್ರೆ ಉಂಟು ಅಕ್ಕಾ, ನಾನು ನುಂಗ್ತೇನೆ. ನಿನ್ನ ಹೆದರಿಕೆಗೂ ನಾನೇ ಉಣ್ಬೇಕಾ?” ಎಂದಳು.

ಸುತ್ತ ನಮ್ಮ ಲೈನಿನವರೇ ಇದ್ದರು. ಅಷ್ಟು ವರ್ಷ ದನಿ ತಗ್ಗಿಸಿಯೇ ಬದುಕಿದ ನಾನು ಅಂದು ತಗ್ಗಿಸಲಿಲ್ಲ.

“ತಪ್ಪಾಯ್ತು ಜಾನಕಿ. ಜನರ ಬಾಯಿ ಮುಚ್ಚಿಸ್ಲಿಕ್ಕೆ ನಿನ್ನ ಬಾಯಿಗೆ ತುರುಕಿದೆ.”