ಬೀಗರ ಟ್ಯಾಂಕಿಗೆ ಗುಂಡು ತಾಗಬಾರದು

ಮೊನ್ನೆ ಭಾನುವಾರ ಅಟ್ಟದಿಂದ ಹಳೆಯ ಕಂಪ್ಯೂಟರ್ ಇಳಿಸಿ ಅದರ ಪಕ್ಕದ ತಗಡು ಬಿಚ್ಚಿದರೆ, ಒಳಗಿನಿಂದ ಊದುಬತ್ತಿಯ ವಾಸನೆ ಬಂತು. ಕಂಪ್ಯೂಟರಿನ ಹೊಟ್ಟೆಯೊಳಗಿಂದ ಊದುಬತ್ತಿ ವಾಸನೆ ಬರುವುದನ್ನು ನೀವು ಬೇರೆಲ್ಲೂ ಕಂಡಿರಲಾರಿರಿ. ಫ್ಯಾನಿನ ರೆಕ್ಕೆಗೆ ಒಣಗಿದ ಕನಕಾಂಬರದ ಎಸಳುಗಳು ಮೆತ್ತಿಕೊಂಡಿದ್ದವು. ತಳದಲ್ಲಿ ಒಂದು ಚಿಟಿಕೆ ಕುಂಕುಮವೂ ಇತ್ತು. ಸ್ಕ್ರೂಡ್ರೈವರ್ ಕೈಯಲ್ಲಿ ಹಿಡಿದುಕೊಂಡು ನಾನು ನಗುತ್ತ ಕುಳಿತುಬಿಟ್ಟೆ. ಅಡುಗೆಮನೆಯಿಂದ ಅಮ್ಮ, "ಏನ್ಲಾ, ಒಬ್ನೇ ನಗ್ತಾ ಇದ್ದೀಯ?" ಎಂದು ಕೇಳಿದಳು. ಹೂವು ಹಾಕಿದವಳು ಅವಳೇ ಎಂಬುದು ಅವಳಿಗೆ ಮರೆತಿದೆ.

ಈ ಕಂಪ್ಯೂಟರ್ ಒಂದು ಕಾಲದಲ್ಲಿ ಸರ್ವರ್ ಆಗಿತ್ತು ಸ್ವಾಮಿ. ಬ್ಯಾಂಕಿನದೋ ಸರ್ಕಾರದ್ದೋ ಅಂದುಕೊಳ್ಳಬೇಡಿ, ಆಟದ ಸರ್ವರ್. ಹತ್ತಾರು ಜನ ತಮ್ಮ ತಮ್ಮ ಮನೆಯಲ್ಲಿ ಕುಳಿತು ಫೋನಿನಲ್ಲಿ ಬೆರಳಷ್ಟು ದೊಡ್ಡ ಟ್ಯಾಂಕುಗಳನ್ನು ಓಡಿಸುತ್ತ, ಇಟ್ಟಿಗೆ ಗೋಡೆಗಳ ಸಂದಿಯಲ್ಲಿ ಒಬ್ಬರನ್ನೊಬ್ಬರು ಅಟ್ಟಿಸಿಕೊಂಡು ಹೋಗಿ ಗುಂಡು ಹೊಡೆಯುವ ಆಟ. ಆ ಟ್ಯಾಂಕುಗಳೆಲ್ಲ ಬಂದು ಸೇರುತ್ತಿದ್ದದ್ದು ಗಡಿಯಿಂದೀಚೆ ತಮಿಳು ಸೀಮೆಯಲ್ಲಿರುವ ಮೂಕಂಡಪಲ್ಲಿಯ ನಮ್ಮ ಮನೆಯ ದೇವರ ಗೂಡಿನ ಕೆಳಗೆ.

ಲಾಕ್‌ಡೌನಿನ ಕಾಲ. ನಾನು ಮೆಂಟೆನೆನ್ಸ್ ವಿಭಾಗದಲ್ಲಿ ಕೆಲಸ ಮಾಡುವ ಫ್ಯಾಕ್ಟರಿಯ ಗೇಟು ಮುಚ್ಚಿತ್ತು. ಅದಕ್ಕಿಂತ ದೊಡ್ಡ ಸಂಕಟವೆಂದರೆ ಅತ್ತಿಬೆಲೆಯ ಗಡಿ ಮುಚ್ಚಿದ್ದು. ನಮ್ಮವರಿಗೆ ಗಡಿ ಎಂದರೆ ಬಸ್ಸಿನ ಟಿಕೆಟಿನ ಭಾಷೆ ಬದಲಾಗುವ ಜಾಗ, ಅಷ್ಟೇ. ಹೆಣ್ಣು ಅಲ್ಲಿಂದ ತರುತ್ತೇವೆ, ಇಲ್ಲಿಂದ ಕೊಡುತ್ತೇವೆ. ಅದು ಬಾಗಿಲ ಹಾಗೆ ಮುಚ್ಚಿಕೊಳ್ಳಬಲ್ಲದು ಎಂದು ಡೆಂಕಣಿಕೋಟೆ ಕಡೆಯ ನಮ್ಮ ಅಜ್ಜನ ಕಾಲದಿಂದ ಯಾರಿಗೂ ಹೊಳೆದಿರಲಿಲ್ಲ. ಅದು ಮುಚ್ಚಿದಾಗ ನನ್ನ ತಂಗಿ ಪದ್ಮಳ ನಿಶ್ಚಿತಾರ್ಥವಾಗಿತ್ತು, ಮದುವೆ ಆಗಿರಲಿಲ್ಲ. ಗಂಡಿನ ಮನೆ ಅತ್ತಿಬೆಲೆಯಿಂದ ಆಚೆ.

ಪದ್ಮಳಿಗೆ ಹಿಂದೆ ಒಂದು ಸಂಬಂಧ ಕೂಡಿ ಬಂದು, ಲಗ್ನಪತ್ರಿಕೆಯ ಹೊತ್ತಿಗೆ ಅವರು ಕಾರಣ ಹೇಳದೆ ಹಿಂದೆ ಸರಿದಿದ್ದರು. ಅಂದಿನಿಂದ ಅಮ್ಮ ಫೋನು ಬಡಿದುಕೊಂಡರೆ ಬೆಚ್ಚುತ್ತಿದ್ದಳು. ಈ ಸಲದ ಹುಡುಗ ಹರೀಶನನ್ನು ಪದ್ಮ ಮನಸಾರೆ ಮೆಚ್ಚಿದ್ದಳು. ಬಾಯಿಬಿಟ್ಟು ಹೇಳಿರಲಿಲ್ಲ, ಆದರೆ ಅವನ ಫೋನು ಬಂದರೆ ತಾರಸಿಯ ಮೇಲೆ ಪ್ರದಕ್ಷಿಣೆ ಹಾಕುತ್ತಿದ್ದಳು, ಅಷ್ಟು ಸಾಕಲ್ಲ. ಭಯವಿದ್ದದ್ದು ಹರೀಶನ ಅಪ್ಪ ನಂಜಪ್ಪನವರದು. ಗುಲಾಬಿ ತೋಟದವರು, ಮರ್ಯಾದೆಗೆ ಪ್ರಾಣ ಬಿಡುವ ಮನುಷ್ಯ. ಹಿಂದೊಮ್ಮೆ ಹೆಣ್ಣು ನೋಡಲು ಹೋದ ಮನೆಯಲ್ಲಿ ಮೊದಲ ಲೋಟ ಕಾಫಿಯನ್ನು ಪಕ್ಕದವರಿಗೆ ಕೊಟ್ಟರೆಂದು ಎದ್ದು ಬಂದವರಂತೆ. ಈ ಮಾತನ್ನು ಮಧ್ಯಸ್ಥರು ನಿಶ್ಚಿತಾರ್ಥವಾದ ಮೇಲೆ ಹೇಳಿದರು. ಮಧ್ಯಸ್ಥರೆಂದರೆ ಹಾಗೇ.

ಗಡಿ ತೆರೆಯುವ ಸೂಚನೆ ಇಲ್ಲ, ಎರಡೂ ಮನೆಯವರು ಫೋನಿನಲ್ಲಿ "ಊಟ ಆಯ್ತಾ" ಕೇಳಿ ಕೇಳಿ ದಣಿದಿದ್ದರು. ಆಗ ಹರೀಶ, "ಬಾವ, ಎಲ್ರೂ ಕೂಡಿ ಆಡೋ ಅಂಥ ಆಟ ಏನಾದ್ರೂ ಹಾಕ್ರಿ" ಎಂದ. ಭಾವೀ ಬಾವಮೈದ ಬಾಯಿಬಿಟ್ಟು ಕೇಳಿದ್ದು ಅದೊಂದೇ. ಫ್ಯಾಕ್ಟರಿಯ ಆಫೀಸಿನವರು ಹೊಸದು ತರಿಸಿಕೊಂಡಾಗ ನಾನು ತಂದಿಟ್ಟುಕೊಂಡಿದ್ದ ಈ ಹಳೆಯ ಕಂಪ್ಯೂಟರ್ ಮೂಲೆಯಲ್ಲಿತ್ತು. ಯಾರು ಬೇಕಾದರೂ ಬಿಟ್ಟಿ ಇಳಿಸಿಕೊಳ್ಳಬಹುದಾದ ಒಂದು ಆಟವನ್ನು ಇಂಟರ್‌ನೆಟ್ಟಿನಲ್ಲಿ ಹುಡುಕಿದೆ. ಮೋಟಾರು, ಕನ್ವೇಯರ್ ಬೆಲ್ಟು ರಿಪೇರಿ ಮಾಡುವವನಿಗೆ ಇದೇನು ಮಹಾ ಎಂಬ ಜಂಬ ಬೇರೆ. ಆ ಕಪ್ಪು ಪರದೆಯ ಬಿಳಿ ಅಕ್ಷರಗಳು ಮೊದಲ ವಾರ ನನ್ನ ಜಂಬವನ್ನೆಲ್ಲ ಇಳಿಸಿದವು. ನಮ್ಮ ಮನೆಯೊಳಗೆ ಆಟ ಚೆನ್ನಾಗಿ ನಡೆಯುತ್ತಿತ್ತು, ಹೊರಗಿನವರು ಒಳಗೆ ಬರಲಾಗುತ್ತಿರಲಿಲ್ಲ. ರೂಟರಿನಲ್ಲಿ ಅವರಿಗೊಂದು ದಾರಿ ಬಿಡಬೇಕು ಎಂದು ಗೊತ್ತಾಯಿತು, ಬಿಟ್ಟೆ. ಕರೆಂಟು ಹೋಗಿ ಬಂದರೆ ಇಂಟರ್‌ನೆಟ್ಟಿನಲ್ಲಿ ನಮ್ಮ ವಿಳಾಸವೇ ಬದಲಾಗುತ್ತಿತ್ತು. ಕೇಬಲ್‌ನವರನ್ನು ಕಾಡಿ ಬೇಡಿ ಬದಲಾಗದ ವಿಳಾಸವೊಂದನ್ನು ಪಡೆದೆ. ಇನ್ವರ್ಟರಿನ ಪ್ಲಗ್ ಇದ್ದದ್ದು ದೇವರ ಗೂಡಿನ ಕೆಳಗೆ ಮಾತ್ರ, ಹಾಗಾಗಿ ಕಂಪ್ಯೂಟರ್ ಅಲ್ಲಿಗೆ ಹೋಯಿತು.

"ಇದೇನ್ಲಾ ಇದು?" ಎಂದಳು ಅಮ್ಮ.

"ಸರ್ವರ್ ಕಣಮ್ಮ. ಛತ್ರ ಇದ್ದಂಗೆ. ಎಲ್ಲೆಲ್ಲಿಂದ್ಲೋ ಜನ ಬಂದು ಇಲ್ಲಿ ಸೇರ್ತಾರೆ."

"ಅಯ್ಯೋ, ಊಟಕ್ಕೇನ್ಲಾ ಮಾಡ್ತೀಯ?" ಎಂದವಳು, ಛತ್ರವೆಂದ ಮೇಲೆ ಹಾಗೆ ಬಿಡಬಾರದೆಂದು ಅರಿಶಿನ ಕುಂಕುಮವಿಟ್ಟು ಕನಕಾಂಬರ ಮುಡಿಸಿದಳು. ಫ್ಯಾನು ಅದನ್ನು ಒಳಗೆಳೆದುಕೊಂಡಿತು.

ಜನ ಬಂದರು. ಡೆಂಕಣಿಕೋಟೆ ಕಡೆಯ ದಾಯಾದಿಗಳು, ನಂಜಪ್ಪನವರ ಮನೆಮಂದಿ, ತೊರಪಲ್ಲಿಯ ನಮ್ಮ ಚಿಕ್ಕಪ್ಪ. ಚಿಕ್ಕಪ್ಪನಿಗೆ ಸಿಗ್ನಲ್ ಸಿಗುತ್ತಿದ್ದದ್ದು ನೀರಿನ ಟ್ಯಾಂಕಿನ ಮೇಲೆ ಹತ್ತಿದರೆ ಮಾತ್ರ, ಅಲ್ಲೂ ಅರ್ಧಂಬರ್ಧ. ಅವನ ಟ್ಯಾಂಕು ಇಲ್ಲಿ ಮಾಯವಾಗಿ ಅಲ್ಲಿ ಏಳುತ್ತಿತ್ತು. ಎಂಥ ಗುರಿಕಾರನಿಗೂ ಸಿಗುತ್ತಿರಲಿಲ್ಲ. ಅವನು ಅದನ್ನು ತನ್ನ ಚಾಲಾಕಿತನ ಎಂದುಕೊಂಡಿದ್ದ. ಈಗಲೂ ಹಾಗೇ ಅಂದುಕೊಂಡಿದ್ದಾನೆ.

ಇನ್ನು ನಾನು ಮಾಡಿದ ಘನಕಾರ್ಯ ಕೇಳಿ. ಇಂಥ ಆಟಗಳಲ್ಲಿ ಜನ ಹುಲಿ, ರಾಕ್ಷಸ, ಕಪ್ಪುನಾಗ ಎಂದು ಇಲ್ಲದ ಹೆಸರಿಟ್ಟುಕೊಂಡು ಬರುತ್ತಾರೆ. ದೊಡ್ಡವರಿಗೆ ಯಾರು ಯಾರೆಂದು ತಿಳಿಯಬೇಡವೇ ಎಂದು ನಾನು ಎಲ್ಲರೂ ಸ್ವಂತ ಹೆಸರಲ್ಲೇ ಬರಬೇಕೆಂಬ ಕಟ್ಟಳೆ ಮಾಡಿದೆ. ಮುಗಿಯಿತು. ಟ್ಯಾಂಕಿನ ನೆತ್ತಿಯ ಮೇಲೆ ಹೆಸರು ಮೂಡಿದ್ದೇ ತಡ, ಅದು ಟ್ಯಾಂಕಾಗಿ ಉಳಿಯಲಿಲ್ಲ, ದೊಡ್ಡಪ್ಪನಾಯಿತು, ಅತ್ತೆಯಾಯಿತು, ಹಿರಿಯಳಿಯನಾಯಿತು. ಅಳಿಯ ಅತ್ತೆಗೆ ಗುಂಡು ಹೊಡೆಯುವುದುಂಟೇ? ಬಾವನವರು ಎದುರಾದರೆ ನಾದಿನಿ ಗೋಡೆಯ ಮರೆಗೆ ಸರಿದು ನಿಲ್ಲುತ್ತಿದ್ದಳು. ಇಕ್ಕಟ್ಟಿನ ಸಂದಿಯಲ್ಲಿ ಎರಡು ಟ್ಯಾಂಕು ಎದುರಾದರೆ ಎರಡೂ ಹಿಂದಕ್ಕೆ ಸರಿದು "ನೀವ್ ಬನ್ನಿ", "ಇಲ್ಲ, ನೀವ್ ಬನ್ನಿ" ಎಂದು ನಿಲ್ಲುತ್ತಿದ್ದವು. ಆಟ ಬಿಟ್ಟು ಹೊರಡುವವರು ಪ್ರತಿಯೊಬ್ಬರ ಮುಂದೆಯೂ ನಿಂತು "ಬತ್ತೀನಿ" ಹೇಳಿಯೇ ಹೊರಡುತ್ತಿದ್ದರು.

ಗುಂಡು ತಗುಲಿದವರ ಹೆಸರಿನ ಮುಂದೆ ನಾನು ಕನ್ನಡದಲ್ಲಿ "ಸತ್ತರು" ಎಂದು ಬರುವಂತೆ ಮಾಡಿದ್ದೆ. ದೀಪ ಹಚ್ಚಲು ಬಂದ ಅಮ್ಮ ಅದರಲ್ಲಿ ತನ್ನ ಅಣ್ಣನ ಹೆಸರು ಓದಿ ಹೌಹಾರಿದಳು. ದೇವರ ಮುಂದೆ ಇಂಥ ಮಾತೇ ಎಂದು ಬೈದಳು. ಅದನ್ನು ಅಳಿಸಿ "ಹೋಗಿ ಬರುತ್ತಾರೆ" ಎಂದು ಬರೆದೆ. ಒಂದು ಲೆಕ್ಕಕ್ಕೆ ಅದೇ ಸರಿ, ಉರುಳಿದ ಟ್ಯಾಂಕು ಮರುಗಳಿಗೆಯಲ್ಲೇ ಎದ್ದು ಬರುತ್ತದಲ್ಲ.

ಪಕ್ಕದ ಮನೆಯ ಸೆಲ್ವಂ ನನ್ನ ಶಿಫ್ಟಿನವನು, ತಮಿಳಿನವನು. ಅವನೊಬ್ಬನೇ ಈ ಬಳಗಕ್ಕೆ ಹೊರಗಿನವನಾಗಿ ಸೇರಿದ್ದ. ಒಂದು ದಿನ ನೋಡಿ ನೋಡಿ, "ಎನ್ನಣ್ಣಾ, ಇದು ಸಂಡೈಯಾ, ಕಲ್ಯಾಣಮಾ?" ಎಂದ. ಜಗಳವೋ ಮದುವೆಯೋ ಎಂದು ಅವನ ಪ್ರಶ್ನೆ. ಅವನಿಗೆ ಯಾರ ಹಂಗೂ ಇಲ್ಲ, ಬೀಗರಿಗೂ ಹೊಡೆಯಬಲ್ಲವನು ಅವನೊಬ್ಬನೇ. ಅದು ಅಮ್ಮನಿಗೂ ಹೊಳೆಯಿತು. ಕಾಂಪೌಂಡ್ ಗೋಡೆಯ ಬಳಿ ಹೋಗಿ, "ತಂಬೀ, ನಂಜಪ್ಪ ಎಂಗ ಸಂಬಂದಿ ಪ್ಪಾ, ಅವರೆ ಸುಡಾದೇ" ಎಂದು ಕೈಮುಗಿದಳು. ನಮ್ಮ ಬೀಗರು, ಅವರಿಗೆ ಮಾತ್ರ ಹೊಡೀಬೇಡಪ್ಪಾ ಎಂದು. ನನಗಂತೂ ಅಪ್ಪಣೆಯೇ ಆಯಿತು: "ಬೀಗರ್ಗೆ ಒಂದ್ ಗುಂಡೂ ತಾಗ್ಬಾರ್ದು ಕಣ್ಲಾ. ತಾಗ್ತೋ, ಈ ಸಂಬಂಧಾನೂ ಹೋಯ್ತು ಅಂತ ತಿಳ್ಕೊ."

ಹೀಗೆ ನಂಜಪ್ಪನವರು ದಿನಾ ಗೆದ್ದರು. ಮಧ್ಯಾಹ್ನದ ಊಟವಾದ ಮೇಲೆ ಬರುವುದು, ಕಂಡವರನ್ನೆಲ್ಲ ಉರುಳಿಸುವುದು, ಅಂಕಗಳ ಪಟ್ಟಿಯ ನೆತ್ತಿಯ ಮೇಲೆ ಕೂರುವುದು. ಮೊದಮೊದಲು ಫೋನು ಮಾಡಿ, "ನಿಮ್ ಕಡೇರ್ಗೆ ಗುರೀನೇ ಇಲ್ಲ ಕಣ್ರೀ" ಎಂದು ನಗುತ್ತಿದ್ದರು. ಅಮ್ಮನ ಮುಖದಲ್ಲಿ ಗೆಲುವು. ಬರಬರುತ್ತ ಅವರ ನಗು ಕಡಿಮೆಯಾಯಿತು. ಒಂದು ದಿನ ಅವರ ಟ್ಯಾಂಕು ಮೈದಾನದ ನಟ್ಟನಡುವೆ ಬಂದು ನಿಂತಿತು. ಗುಂಡು ಹೊಡೆಯದು, ಅತ್ತಿತ್ತ ಸರಿಯದು. ಉಳಿದವರೆಲ್ಲ ದೂರದಲ್ಲಿ ಸುತ್ತು ಹಾಕುತ್ತಿದ್ದರು, ಯಾರೂ ಹತ್ತಿರ ಹೋಗಲಿಲ್ಲ.

ನನ್ನ ಪಕ್ಕದಲ್ಲೇ ಕುಳಿತಿದ್ದ ಪದ್ಮ, "ನೋಡಣ್ಣ, ಮಾವ ಆಡ್ತಾ ಇಲ್ಲ, ಸುಮ್ಕೆ ನಿಂತವ್ರೆ" ಎಂದಳು.

"ನಿಂತ್ಕಳ್ಲಿ ಬಿಡಮ್ಮ. ದೊಡ್ಡೋರು."

"ನಾಳೆ ಆ ಮನೇಲಿ ಬಾಳ್ಬೇಕಾದೋಳು ನಾನು. ಅಲ್ಲೂ ಹಿಂಗೇ ದೂರ ದೂರ ನಿಂತ್ಕಳ್ಲಾ?" ಎಂದವಳೇ ಟ್ಯಾಂಕು ತಿರುಗಿಸಿ ನೇರ ಅವರೆದುರು ಹೋಗಿ ನಿಂತು ಹೊಡೆದೇಬಿಟ್ಟಳು. ಪರದೆಯ ಮೇಲೆ ಮೂಡಿತು: ನಂಜಪ್ಪನವರು ಹೋಗಿ ಬರುತ್ತಾರೆ.

ಅವರು ಬರಲಿಲ್ಲ. ಎಲ್ಲರ ಟ್ಯಾಂಕುಗಳೂ ಇದ್ದಲ್ಲೇ ನಿಂತವು. ಸ್ವಲ್ಪ ಹೊತ್ತಿಗೆ ನಂಜಪ್ಪನವರ ಹೆಸರೇ ಪಟ್ಟಿಯಿಂದ ಹೋಯಿತು, ಹಿಂದೆಯೇ ಹರೀಶನದೂ. ಅಮ್ಮನಿಗೆ ವಿಷಯ ತಿಳಿದದ್ದೇ ತಡ, "ಹಾಳ್ಮಾಡ್ಬುಟ್ಯಲ್ಲೇ, ಕೈಯಾರೆ ಹಾಳ್ಮಾಡ್ಬುಟ್ಯಲ್ಲೇ" ಎಂದು ಸೆರಗು ಬಾಯಿಗಿಟ್ಟುಕೊಂಡಳು. "ಕಿತ್ತಾಕ್ಲಾ ಆ ಛತ್ರಾನ!" ನಾನು ಪ್ಲಗ್ಗು ಕಿತ್ತೆ. ಅಂದು ಫೋನು ಬರಲಿಲ್ಲ. ಹರೀಶನಿಗೆ ಮಾಡಿದರೆ ಸ್ವಿಚ್ ಆಫ್. ಹೋಗಿ ಕಾಲಿಗೆ ಬೀಳೋಣವೆಂದರೆ ಗಡಿ. ಪದ್ಮ ಅಳಲಿಲ್ಲ. ಆದರೆ ಅಂದು ಸಂಜೆ ತಾರಸಿಗೆ ಹತ್ತಲೂ ಇಲ್ಲ. ನನಗೆ ನಿಜಕ್ಕೂ ಭಯವಾಗಿತ್ತು.

ಮರುದಿನ ಬೆಳಿಗ್ಗೆ ಫೋನು ಬಂತು. ಹರೀಶನ ದನಿ. "ಬಾವ, ಸರ್ವರ್ ಯಾಕೆ ನಿಲ್ಸಿದ್ರಿ? ನಿನ್ನೆ ಗಾಳಿಗೆ ನಮ್ಮೂರಲ್ಲಿ ಲೈನ್ ತುಂಡಾಗಿತ್ತು, ಫೋನ್ ಚಾರ್ಜೇ ಇರ್ಲಿಲ್ಲ. ಅಪ್ಪ ಬೆಳ್ಗೆಯಿಂದ ನನ್ ಪ್ರಾಣ ತಿಂತಾ ಅವ್ರೆ." ಅಷ್ಟರಲ್ಲಿ ನಂಜಪ್ಪನವರೇ ಫೋನು ಕಸಿದುಕೊಂಡರು. "ಎಲ್ಲವ್ಳೆ ನನ್ ಸೊಸೆ? ಕೊಡ್ರಿ ಅವಳ್ಗೆ."

ನಾನು ಸ್ಪೀಕರಿಗೆ ಹಾಕಿ ಪದ್ಮಳ ಮುಂದೆ ಹಿಡಿದೆ. ಅಮ್ಮ ಗೋಡೆಗೆ ಒರಗಿದಳು.

"ಏನವ್ವಾ, ನಂಗ್ ಹೊಡ್ದು ಪ್ಲಗ್ ಕಿತ್ಕೊಂಡು ಓಡೋಗೋದಾ? ಇದ್ಯಾವ ನ್ಯಾಯ?"

"ತಪ್ಪಾಯ್ತು ಮಾವ" ಎಂದಳು ಪದ್ಮ.

"ತಪ್ಪು ಅಂದ್ಯೋ, ಸಂಬಂಧ ಮುರ್ದಾಕ್ತೀನಿ ನೋಡು! ಬೀಗರಿಗೆ ಹೋಳ್ಗೆ ಬಡುಸ್ದಂಗೆ ದಿನಾ ಗೆಲುವು ಬಡುಸ್ತಿದ್ರಲ್ಲವ್ವ ನಿಮ್ಮೋರು. ಎಷ್ಟ್ ದಿನ ಅಂತ ತಿನ್ನೋದು? ಹೊಟ್ಟೆ ತೊಳುಸ್ಬುಡ್ತು. ನೀನೊಬ್ಳು ನಮ್ಮನೇಳು ಅನ್ನಂಗೆ ಹೊಡ್ದೆ. ಸರ್ವರ್ ಹಚ್ಚೋಕೆ ಹೇಳು ನಿಮ್ಮಣ್ಣನ್ಗೆ. ನಿಂಗೈತೆ ಇವತ್ತು."

ಅಮ್ಮ ಅಳುತ್ತಲೇ ನಗುತ್ತ ಬಂದು ತಾನೇ ಪ್ಲಗ್ಗು ಹಾಕಿದಳು. ಅಂದು ಮಧ್ಯಾಹ್ನ ನಮ್ಮ ಸರ್ವರಿನಲ್ಲಿ ನಡೆದದ್ದು ನಿಜವಾದ ಯುದ್ಧ. ಅಳಿಯ ಅತ್ತೆಯನ್ನು ಬಿಡಲಿಲ್ಲ, ನಾದಿನಿ ಬಾವನನ್ನು ಬಿಡಲಿಲ್ಲ. ನಂಜಪ್ಪನವರು ಪಟ್ಟಿಯ ಬುಡದಲ್ಲಿ ಕುಳಿತು, "ಬಲೇ ಮಜ ಕಣ್ರೀ" ಎಂದು ಫೋನಿನಲ್ಲಿ ಕೂಗುತ್ತಿದ್ದರು.

ಗಡಿ ತೆರೆಯಿತು. ಬೆರಳೆಣಿಕೆಯ ಜನರ ನಡುವೆ ಮದುವೆಯಾಯಿತು. ಫ್ಯಾಕ್ಟರಿ ತೆರೆದ ಮೇಲೆ ಆಡುವವರಿಗೆ ಪುರುಸೊತ್ತಿಲ್ಲದೆ ಸರ್ವರ್ ಅಟ್ಟ ಸೇರಿತು. ಅದೆಲ್ಲ ಸರಿ, ಈಗ ಅದನ್ನು ಇಳಿಸಿದ್ದು ಯಾಕೆಂದು ಹೇಳದೆ ನಾನು ಹರಟುತ್ತಲೇ ಇದ್ದೇನೆ. ಕಳೆದ ವಾರ ನಂಜಪ್ಪನವರು ತೋಟದಲ್ಲಿ ಜಾರಿಬಿದ್ದು ಕಾಲು ಮುರಿದುಕೊಂಡರು. ಮಂಚ ಬಿಟ್ಟು ಏಳುವಂತಿಲ್ಲ. ನಾನೂ ಮೂಸಂಬಿ ತೆಗೆದುಕೊಂಡು ಹೋಗಿ, ತಗ್ಗಿದ ದನಿಯಲ್ಲಿ ಮಾತಾಡಿ, ಅವರು ಅಂದದ್ದಕ್ಕೆಲ್ಲ ಹೂಂಗುಟ್ಟಿ ಬಂದೆ. ಎರಡು ದಿನ ಬಿಟ್ಟು ಪದ್ಮ ಫೋನು ಮಾಡಿದಳು. "ಬಂದೋರೆಲ್ಲ ಹಿಂಗೇ ಹೂಂಗುಟ್ಟಿ ಹೋಯ್ತಾರೆ ಕಣಣ್ಣ. ಮಾವ ಮಾತೇ ಬಿಟ್ಬುಟ್ಟವ್ರೆ. ನಾನೊಬ್ಳೇ ಎಷ್ಟು ಅಂತ ಜಗಳ ಆಡ್ಲಿ? ಸರ್ವರ್ ಹಚ್ಚು."

ಹಚ್ಚಿದೆ. ಬೇಕಾದವರಿಗೆಲ್ಲ ತಿಳಿಸಿದೆ. ನಂಜಪ್ಪನವರ ಟ್ಯಾಂಕು ಬಂತು, ಮೂಲೆಯಲ್ಲಿ ನಿಂತಿತು. ನಿಮಗೊಂದು ವಿಷಯ ಹೇಳಬೇಕು. ಅಷ್ಟು ದಿನ ಸರ್ವರ್ ನಡೆಸಿದೆನಲ್ಲ, ನಾನೊಮ್ಮೆಯೂ ಆಡಿದವನಲ್ಲ. ಹೆಣ್ಣಿನ ಅಣ್ಣ ನಾನು. ಅವರು ನನಗೆ ಇವತ್ತಿಗೂ "ಬನ್ನಿ, ಕೂತ್ಕೊಳ್ಳಿ" ಎನ್ನುವವರು, ನಾನು ಕುರ್ಚಿಯ ತುದಿಯಲ್ಲಿ ಕೂರುವವನು. ಮೊನ್ನೆ ಮೊದಲ ಸಲ ನನ್ನ ಹೆಸರಲ್ಲಿ ಒಂದು ಟ್ಯಾಂಕು ಇಳಿಸಿದೆ. ಮೂಲೆಗೆ ಹೋಗಿ ಎದುರಿಗೇ ನಿಂತು ಹೊಡೆದೆ.

ಮಾತಿಗೆಂದು ಫೋನಿನ ಸ್ಪೀಕರ್ ಹಾಕಿಟ್ಟಿದ್ದೆವು. ಅತ್ತ ಮಂಚ ಕಿರುಗುಟ್ಟಿದ್ದು ಕೇಳಿಸಿತು.

"ಯಾರ್ಲಾ ಅದು?"

"ನಾನೇ ಮಾವ."

"ನೀನೇನ್ಲಾ? ಇಷ್ಟ್ ವರ್ಷ ಬೇಕಾಯ್ತೇನ್ಲಾ ನಿಂಗೆ?"

ನಾನು ಟ್ಯಾಂಕು ತಿರುಗಿಸುವಷ್ಟರಲ್ಲಿ ಅವರು ಗೋಡೆಯ ಹಿಂದಿನಿಂದ ಬಂದು ನನ್ನನ್ನು ಹೊಡೆದುರುಳಿಸಿದರು.